ಸತ್ತ ಆಮೆಗಳ ಲೆಕ್ಕ

2025ರ ಜನವರಿಯಲ್ಲಿ ಚೆನ್ನೈನ ಕಡಲದಂಡೆಗಳಲ್ಲಿ ಬೆಳಗಿನ ನಡಿಗೆಗೆ ಬಂದವರು ಮೂಗು ಮುಚ್ಚಿಕೊಳ್ಳಬೇಕಾಯಿತು. ಅಲೆ ಬಂದು ಹಿಂದೆ ಸರಿದ ಗೆರೆಯ ಮೇಲೆ ಆಲಿವ್ ರಿಡ್ಲೆ ಕಡಲಾಮೆಗಳು ಸತ್ತು ಬಿದ್ದಿದ್ದವು. ಕೆಲವುದರ ಕಣ್ಣು ಹೊರಗೆ ಬಂದಿತ್ತು, ಕುತ್ತಿಗೆ ಊದಿತ್ತು. ದಿನ ಕಳೆದಂತೆ ಇನ್ನಷ್ಟು ಬಂದವು. ಆ ಋತು ಮುಗಿಯುವುದರೊಳಗೆ ಚೆನ್ನೈ ಮತ್ತು ಅದಕ್ಕೆ ತಾಗಿದ ಜಿಲ್ಲೆಗಳ ಕರಾವಳಿಯಲ್ಲಿ ಲೆಕ್ಕಕ್ಕೆ ಸಿಕ್ಕ ಕಳೇಬರಗಳೇ 1,000 ದಾಟಿದ್ದವು.

ಲೆಕ್ಕಕ್ಕೆ ಸಿಕ್ಕವು ಎಂದರೆ ಯಾರೋ ಲೆಕ್ಕ ಇಡುತ್ತಿದ್ದರು ಎಂದಾಯಿತು. ಬೆಸೆಂಟ್ ನಗರದ ಮರಳಿನ ಮೇಲೆ ಸತ್ತ ಆಮೆಗಳನ್ನು ಎಣಿಸುವ ರೂಢಿ ಆ ವರ್ಷ ಹುಟ್ಟಿದ್ದಲ್ಲ. ಹಲವು ದಶಕಗಳಿಂದ ಪ್ರತಿ ಚಳಿಗಾಲದಲ್ಲಿ ಒಂದಷ್ಟು ಜನ ರಾತ್ರಿಯೆಲ್ಲ ಈ ದಂಡೆಯ ಮೇಲೆ ನಡೆದಿದ್ದಾರೆ. ಅವರು ಹೊರಡುವುದು ಮೊಟ್ಟೆಯ ಗೂಡುಗಳನ್ನು ಹುಡುಕಲು. ದಾರಿಯಲ್ಲಿ ಸಿಕ್ಕ ಹೆಣಗಳನ್ನೂ ಬರೆದಿಟ್ಟುಕೊಂಡು ಬರುತ್ತಾರೆ. ಮೊದಲನೆಯ ಕೆಲಸದ ಫೋಟೋಗಳು ಪತ್ರಿಕೆಗಳಲ್ಲಿ ಬರುತ್ತವೆ. ಎರಡನೆಯದು ನೋಟ್‌ಬುಕ್ಕಿನಲ್ಲೇ ಉಳಿಯುತ್ತದೆ.

ಆಲಿವ್ ರಿಡ್ಲೆ ಕಡಲಿನಲ್ಲೇ ಬದುಕುವ ಪ್ರಾಣಿಯಾದರೂ ಅದಕ್ಕೆ ಕಿವಿರುಗಳಿಲ್ಲ, ನಮ್ಮಂತೆ ಶ್ವಾಸಕೋಶಗಳಿವೆ. ಉಸಿರಿಗಾಗಿ ಅದು ಆಗಾಗ ನೀರಿನ ಮೇಲೆ ಬರಲೇಬೇಕು. ವಯಸ್ಕ ಆಮೆಯ ಚಿಪ್ಪು ಎರಡಡಿಯಿಂದ ಎರಡೂವರೆ ಅಡಿ ಉದ್ದ, ತೂಕ 35ರಿಂದ 50 ಕಿಲೋ. ಚಳಿಗಾಲದಲ್ಲಿ ಅವು ಕೂಡಲು ಮತ್ತು ಮೊಟ್ಟೆಯಿಡಲು ಬಂಗಾಳ ಕೊಲ್ಲಿಯ ಪಶ್ಚಿಮದ ದಡಕ್ಕೆ ಹತ್ತಿರ ಬರುತ್ತವೆ. ಟ್ರಾಲರ್ ಬೋಟುಗಳು ಸಿಗಡಿಗಾಗಿ, ತಳದ ಮೀನಿಗಾಗಿ ಓಡಾಡುವುದೂ ಇದೇ ನೀರಿನಲ್ಲಿ. ಟ್ರಾಲ್ ಬಲೆ ಬಾಯಿ ತೆರೆದ ದೊಡ್ಡ ಚೀಲದಂತೆ ಇರುತ್ತದೆ. ಅದನ್ನು ಗಂಟೆಗಟ್ಟಲೆ ಎಳೆಯುತ್ತಾರೆ. ಒಳಗೆ ಹೊಕ್ಕ ಆಮೆಗೆ ಮೇಲೆ ಬರಲು ದಾರಿಯಿಲ್ಲ. ಬಲೆ ಎತ್ತುವ ಹೊತ್ತಿಗೆ ಅದು ನೀರಿನಲ್ಲಿ ಮುಳುಗಿ ಸತ್ತಿರುತ್ತದೆ. ಆಮೆ ಹಿಡಿಯುವುದು ಅಪರಾಧವಾದ್ದರಿಂದ ಹೆಣವನ್ನು ಮತ್ತೆ ಕಡಲಿಗೆ ಎಸೆಯುತ್ತಾರೆ. ಗಾಳಿ ಮತ್ತು ಒಳಹರಿವು ಕೂಡಿಬಂದರೆ ಮಾತ್ರ ಅದು ದಡಕ್ಕೆ ಬರುತ್ತದೆ. ಆದ್ದರಿಂದ ದಡದ ಲೆಕ್ಕ ಯಾವಾಗಲೂ ಕಡಲಿನ ಲೆಕ್ಕಕ್ಕಿಂತ ಕಡಿಮೆಯೇ.

ನೀರಿನಲ್ಲಿ ಮುಳುಗಿ ಸತ್ತವರನ್ನು ನೆನೆಯುವುದು ಈ ದಂಡೆಗೆ ಹೊಸದಲ್ಲ. ಬೆಸೆಂಟ್ ನಗರದ ಎಲಿಯಟ್ಸ್ ಬೀಚಿನಲ್ಲಿ ಮರಳಿನ ನಡುವೆ ಒಂಟಿಯಾಗಿ ನಿಂತ ಬಿಳಿ ಕಮಾನಿನ ಕಟ್ಟಡವೊಂದಿದೆ. ಸಿನಿಮಾಗಳಲ್ಲಿ ಅದನ್ನು ನೋಡದವರು ಕಡಿಮೆ. ಅದು ಷ್ಮಿಟ್ ಸ್ಮಾರಕ. ಮದರಾಸಿನಲ್ಲಿದ್ದ ಡೆನ್ಮಾರ್ಕಿನ ಷ್ಮಿಟ್ ಎಂಬಾತ 1930ರ ಡಿಸೆಂಬರ್ 30ರಂದು ಇಲ್ಲಿ ಮುಳುಗುತ್ತಿದ್ದವರನ್ನು ಉಳಿಸಲು ಹೋಗಿ ತಾನೇ ಮುಳುಗಿ ಸತ್ತ. ಅವನ ಧೈರ್ಯದ ನೆನಪಿಗೆ ಇದನ್ನು ಕಟ್ಟಿದರು. ಆಗ ಇಲ್ಲಿ ಬೆಸೆಂಟ್ ನಗರ ಎಂಬ ಬಡಾವಣೆಯೇ ಇರಲಿಲ್ಲ. ಇದ್ದದ್ದು ಮರಳು, ಅಡಯಾರ್ ನದಿ ಕಡಲು ಸೇರುವ ಅಳಿವೆ, ಅದರ ಪಕ್ಕದ ಥಿಯಸಾಫಿಕಲ್ ಸೊಸೈಟಿಯ ತೋಟ ಮತ್ತು ಮೀನುಗಾರರ ಹಳ್ಳಿಗಳು. ಸೊಸೈಟಿಯ ಮೊದಲ ಅಧ್ಯಕ್ಷ ಆಲ್ಕಾಟ್ ಹೆಸರು ಒಂದು ಕುಪ್ಪಕ್ಕೆ ಅಂಟಿಕೊಂಡಿತು. ಅವರ ನಂತರ ಅಧ್ಯಕ್ಷರಾದ ಆನಿ ಬೆಸೆಂಟರ ಹೆಸರು ಮುಂದೆ ಹೌಸಿಂಗ್ ಬೋರ್ಡಿನ ಬಡಾವಣೆಗೆ ಬಂತು. ಇಂದಿಗೂ ಊರೂರು ಕುಪ್ಪ ಮತ್ತು ಆಲ್ಕಾಟ್ ಕುಪ್ಪಗಳು ಅಪಾರ್ಟ್‌ಮೆಂಟುಗಳಿಗೂ ಅಲೆಗಳಿಗೂ ನಡುವೆ ಇವೆ.

2004ರ ಡಿಸೆಂಬರ್ 26ರ ಸುನಾಮಿಯ ನಂತರ ಚೆನ್ನೈನ ಮೀನುಗಾರರ ಕೇರಿಗಳಲ್ಲಿ ಇನ್ನೊಂದು ವಾಡಿಕೆ ಬೆಳೆಯಿತು. ಪ್ರತಿ ವರ್ಷ ಅದೇ ದಿನ ಹೆಂಗಸರು, ಗಂಡಸರು ದಡಕ್ಕೆ ಬಂದು ನೀರಿಗೆ ಹೂವು ಹಾಕುತ್ತಾರೆ, ಹಾಲು ಸುರಿಯುತ್ತಾರೆ, ಸತ್ತವರ ಹೆಸರು ಹಿಡಿದು ಅಳುತ್ತಾರೆ. ಮನುಷ್ಯರಿಗೆ ಹೆಸರಿದೆ, ಕಲ್ಲಿದೆ, ತಿಥಿಯಿದೆ. ಆಮೆಗೆ ಇವು ಯಾವುವೂ ಇಲ್ಲ.

ಇರಲಿ, ಆಮೆಗೆ ಒಳ್ಳೆಯ ಹೆಸರೂ ಇರಲಿಲ್ಲ. ವಿಷ್ಣುವಿನ ಎರಡನೆಯ ಅವತಾರ ಕೂರ್ಮ ಎಂದು ಪುರಾಣ ಹೇಳಿದರೂ ತಮಿಳಿನ ಗಾದೆ ಬೇರೆಯೇ ಹೇಳುತ್ತದೆ: ಆಮೆ ಹೊಕ್ಕ ಮನೆಯೂ ಅಮೀನ ಹೊಕ್ಕ ಮನೆಯೂ ಉದ್ಧಾರವಾಗದು. ಅಮೀನನೆಂದರೆ ಜಪ್ತಿ ಮಾಡಲು ಕೋರ್ಟಿನಿಂದ ಬರುವವನು. ಎರಡೂ ಹೊಸಿಲು ದಾಟಬಾರದವು. ಇನ್ನೊಂದು ಕಡೆ ಆಮೆಯ ಮೊಟ್ಟೆ ಊಟದ ವಸ್ತುವಾಗಿತ್ತು. ಕಡಲ ತೀರದ ಹಲವು ಊರುಗಳಲ್ಲಿ ಗೂಡು ಅಗೆದು ಮೊಟ್ಟೆ ತಿನ್ನುವುದು, ಮಾರುವುದು ಸಾಮಾನ್ಯ ಸಂಗತಿ. ಒಡಿಶಾದ ಕಡೆಯಿಂದ ಕೋಲ್ಕತ್ತದ ಮಾರುಕಟ್ಟೆಗೆ ಜೀವಂತ ಆಮೆಗಳೇ ಸಾವಿರಾರು ಸಂಖ್ಯೆಯಲ್ಲಿ ಹೋಗುತ್ತಿದ್ದವು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಲ್ಲಿ ಬಂದರೂ, ಆಲಿವ್ ರಿಡ್ಲೆ ಅದರ ಮೊದಲ ಅನುಸೂಚಿಗೆ, ಅಂದರೆ ಹುಲಿ ಆನೆಗಳ ಸಾಲಿಗೆ ಸೇರಿದ್ದು 1977ರಲ್ಲಿ.

ಮದರಾಸಿನ ದಂಡೆಯ ಮೇಲೆ ರಾತ್ರಿ ನಡಿಗೆ ಶುರುವಾದದ್ದು ಅದಕ್ಕೂ ಮೊದಲು, 70ರ ದಶಕದ ಆರಂಭದಲ್ಲಿ. ರೋಮ್ಯುಲಸ್ ವಿಟೇಕರ್ ಕಟ್ಟಿದ ಮದರಾಸ್ ಸ್ನೇಕ್ ಪಾರ್ಕಿನ ಸುತ್ತ ಸೇರಿದ್ದ ಹುಡುಗರ ಗುಂಪೊಂದು ಇತ್ತು. ಹಗಲು ಹಾವು, ರಾತ್ರಿ ಆಮೆ. ಮೊಟ್ಟೆ ಕದಿಯುವವರಿಗಿಂತ ಮೊದಲು, ನಾಯಿಗಳಿಗಿಂತ ಮೊದಲು ಗೂಡನ್ನು ಕಂಡುಹಿಡಿದು, ಮೊಟ್ಟೆಗಳನ್ನು ತಂದು ಬೇಲಿ ಹಾಕಿದ ಜಾಗದಲ್ಲಿ ಹೂತು, ಮರಿಯಾದ ಮೇಲೆ ಕಡಲಿಗೆ ಬಿಡುವುದು ಅವರು ಹಾಕಿಕೊಂಡ ಕೆಲಸ. ಸರ್ಕಾರದ ಯೋಜನೆಯಿರಲಿಲ್ಲ, ದೊಡ್ಡ ಹಣವಿರಲಿಲ್ಲ.

ಆ ಗುಂಪಿನಿಂದ ಬಂದವರು ಸತೀಶ್ ಭಾಸ್ಕರ್. ಐಐಟಿ ಮದರಾಸಿನಲ್ಲಿ ಇಂಜಿನಿಯರಿಂಗ್ ಓದಲು ಸೇರಿದ್ದ ಅವರನ್ನು ತರಗತಿಗಿಂತ ಕಡಲು ಹೆಚ್ಚು ಸೆಳೆಯಿತು. ಮುಂದಿನ ಎರಡು ದಶಕಗಳಲ್ಲಿ ಅವರು ಭಾರತದ ಮುಖ್ಯಭೂಮಿಯ ಮತ್ತು ದ್ವೀಪಗಳ ಕಡಲದಂಡೆಗಳಲ್ಲಿ ಸಾವಿರಾರು ಕಿಲೋಮೀಟರ್ ಕಾಲ್ನಡಿಗೆಯಲ್ಲಿ ಸಾಗಿ ಯಾವ ದಡದಲ್ಲಿ ಯಾವ ಆಮೆ ಮೊಟ್ಟೆಯಿಡುತ್ತದೆ ಎಂದು ಬರೆದಿಟ್ಟರು. 1982ರ ಮಳೆಗಾಲದಲ್ಲಿ ಲಕ್ಷದ್ವೀಪದ ಸುಹೇಲಿಯ ಜನವಸತಿಯಿಲ್ಲದ ದ್ವೀಪದಲ್ಲಿ ತಿಂಗಳುಗಟ್ಟಲೆ ಒಬ್ಬರೇ ಉಳಿದರು. ಹಸಿರು ಕಡಲಾಮೆಗಳು ಅಲ್ಲಿಗೆ ಬರುವುದೇ ದೋಣಿ ಹೋಗಲಾಗದ ಮಳೆಗಾಲದಲ್ಲಿ. ಅಲ್ಲಿಂದ ಹೆಂಡತಿಗೆ ಪತ್ರ ಬರೆದು ಬಾಟಲಿಯಲ್ಲಿ ಹಾಕಿ ಕಡಲಿಗೆ ಎಸೆದರು. ಶ್ರೀಲಂಕಾದ ಮೀನುಗಾರನೊಬ್ಬನ ಕೈಗೆ ಸಿಕ್ಕ ಬಾಟಲಿಯ ಪತ್ರ ಅವನ ಅಂಚೆಯ ಮೂಲಕ ಮನೆ ಮುಟ್ಟಿತು. ಭಾಸ್ಕರ್ 2023ರ ಮಾರ್ಚ್‌ನಲ್ಲಿ ತೀರಿಕೊಂಡರು. ಭಾರತದ ಕಡಲಾಮೆಗಳ ಬಗ್ಗೆ ಇವತ್ತು ಬರೆಯುವ ಯಾರೂ ಅವರ ಹಳೆಯ ವರದಿಗಳನ್ನು ದಾಟಿ ಹೋಗಲಾರರು. ಒಂದು ದಡದಲ್ಲಿ ಆಮೆ ಕಡಿಮೆಯಾಗಿದೆ ಎನ್ನಬೇಕಾದರೆ ಹಿಂದೆ ಎಷ್ಟಿತ್ತು ಎಂದು ಗೊತ್ತಿರಬೇಕು.

80ರ ದಶಕದಲ್ಲಿ ಕೆಲವು ವರ್ಷ ತಮಿಳುನಾಡಿನ ಅರಣ್ಯ ಇಲಾಖೆಯೇ ಮೊಟ್ಟೆಮರಿ ಕೇಂದ್ರಗಳನ್ನು ನಡೆಸಿತು, ಆಮೇಲೆ ನಿಲ್ಲಿಸಿತು. 1988ರಲ್ಲಿ ಮದರಾಸಿನ ಕಾಲೇಜು ವಿದ್ಯಾರ್ಥಿಗಳು ಸೇರಿ ಕೆಲಸವನ್ನು ಎತ್ತಿಕೊಂಡರು. ಸ್ಟೂಡೆಂಟ್ಸ್ ಸೀ ಟರ್ಟಲ್ ಕನ್ಸರ್ವೇಶನ್ ನೆಟ್‌ವರ್ಕ್ ಎಂಬ ಉದ್ದ ಹೆಸರಿನ ಆ ಬಳಗ ಇಂದಿಗೂ ಇದೆ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಕಾರ್ತಿಕ್ ಶಂಕರ್ ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನಿ. ಭಾರತದಲ್ಲಿ ಕಡಲಾಮೆಯ ಸಂರಕ್ಷಣೆ ಹೇಗೆ ಬೆಳೆಯಿತು ಎಂಬುದರ ಬಗ್ಗೆ ಪುಸ್ತಕವನ್ನೂ ಬರೆದಿದ್ದಾರೆ.

ಬಳಗದ ಕ್ರಮ ಸರಳ. ಜನವರಿಯಿಂದ ಏಪ್ರಿಲ್‌ವರೆಗೆ ರಾತ್ರಿ ಹೊತ್ತು ನೀಲಾಂಗರೈನಿಂದ ಬೆಸೆಂಟ್ ನಗರದವರೆಗೆ ಸುಮಾರು 7 ಕಿಲೋಮೀಟರ್ ಮರಳಿನಲ್ಲಿ ನಡೆಯುವುದು. ವಾರದ ಕೊನೆಯ ರಾತ್ರಿಗಳಲ್ಲಿ ಯಾರು ಬೇಕಾದರೂ ಜೊತೆಗೆ ಬರಬಹುದು. ಶಾಲೆಯ ಮಕ್ಕಳು, ಐಟಿ ಕಂಪನಿಯವರು, ಮೊಮ್ಮಕ್ಕಳನ್ನು ಕರೆದುಕೊಂಡು ಬಂದ ಅಜ್ಜಿಯರು, ಹೀಗೆ ಒಂದೊಂದು ರಾತ್ರಿ ಒಂದೊಂದು ಗುಂಪು. ಟಾರ್ಚ್ ಹಾಕುವಂತಿಲ್ಲ, ಗಲಾಟೆ ಮಾಡುವಂತಿಲ್ಲ. ಹೆಣ್ಣಾಮೆ ನೀರಿನಿಂದ ಮೇಲೆ ಬಂದ ಗುರುತು ಮರಳಿನಲ್ಲಿ ಟ್ರ್ಯಾಕ್ಟರ್ ಚಕ್ರ ಹೋದಂತೆ ಕಾಣುತ್ತದೆ. ಹೋದ ಗೆರೆ, ಹಿಂದೆ ಬಂದ ಗೆರೆ, ನಡುವೆ ಕದಡಿದ ಮರಳು. ತೆಳ್ಳನೆಯ ಕೋಲಿನಿಂದ ಮೆಲ್ಲಗೆ ಚುಚ್ಚಿ ನೋಡುತ್ತಾರೆ, ಮರಳು ಸಡಿಲವಾದ ಕಡೆ ಕೈಯಿಂದ ಅಗೆಯುತ್ತಾರೆ. ಒಂದು ಗೂಡಿನಲ್ಲಿ ನೂರರಿಂದ ನೂರಿಪ್ಪತ್ತು ಮೊಟ್ಟೆಗಳು, ಪಿಂಗ್‌ಪಾಂಗ್ ಚೆಂಡಿನಂತೆ. ಅವನ್ನು ಬಟ್ಟೆಚೀಲದಲ್ಲಿ ತಂದು ಬೇಲಿಯೊಳಗೆ ಅಷ್ಟೇ ಆಳದ ಗುಂಡಿಯಲ್ಲಿ ಹೂಳುತ್ತಾರೆ. 45ರಿಂದ 60 ದಿನಗಳಲ್ಲಿ ಮರಿ ಹೊರಬರುತ್ತದೆ.

ಗೂಡನ್ನು ಇದ್ದಲ್ಲೇ ಬಿಟ್ಟರೆ ಆಗದೇ ಎಂದು ಹೊಸಬರು ಕೇಳುವುದುಂಟು. ಉತ್ತರ ಅವರ ಬೆನ್ನ ಹಿಂದೆಯೇ ಉರಿಯುತ್ತಿರುತ್ತದೆ. ಮರಿ ಹೆಚ್ಚು ಬೆಳಕಿರುವ ದಿಕ್ಕಿಗೆ ತೆವಳುತ್ತದೆ. ಕತ್ತಲ ದಡದಲ್ಲಿ ಆ ಬೆಳಕು ಕಡಲಿನದು. ಬೆಸೆಂಟ್ ನಗರದಲ್ಲಿ ಅದು ಬೀದಿದೀಪದ್ದು, ಹೋಟೆಲಿನದು. ಕಡಲಿಗೆ ಬೆನ್ನು ಹಾಕಿ ರಸ್ತೆಯ ಕಡೆ ಹೊರಟ ಮರಿ ಬೆಳಗಾಗುವುದರೊಳಗೆ ಸತ್ತಿರುತ್ತದೆ.

ಮರಿಗಳನ್ನು ಬಿಡುವ ಸಂಜೆ ದಂಡೆಯ ಮೇಲೆ ಜಾತ್ರೆ. ಅಂಗೈಯಷ್ಟೂ ಇಲ್ಲದ ಮರಿಗಳು ಅಲೆಗೆ ಸಿಕ್ಕಿ ಹೊರಳಿ, ಮತ್ತೆ ನೇರವಾಗಿ, ನೀರಿಗೆ ಸೇರುವುದನ್ನು ನೋಡಲು ಮಕ್ಕಳು ಅಪ್ಪಂದಿರ ಹೆಗಲೇರುತ್ತಾರೆ. ಈಗ ಅರಣ್ಯ ಇಲಾಖೆಯೂ ರಾಜ್ಯದ ಉದ್ದಕ್ಕೂ ಇದೇ ಕೆಲಸ ಮಾಡುತ್ತದೆ. 2024ರಲ್ಲಿ ತಮಿಳುನಾಡಿನ ದಡಗಳಿಂದ ಕಡಲಿಗೆ ಬಿಟ್ಟ ಮರಿಗಳು 2 ಲಕ್ಷಕ್ಕೂ ಹೆಚ್ಚು. ಸಾವಿರ ಮರಿಗಳಲ್ಲಿ ಒಂದು ದೊಡ್ಡದಾಗಿ ಉಳಿದೀತು ಎಂಬುದು ಕಡಲಾಮೆಗಳ ಬಗ್ಗೆ ಸಾಮಾನ್ಯವಾಗಿ ಹೇಳುವ ಅಂದಾಜು. ಆ ಲೆಕ್ಕದಲ್ಲಿ ಎರಡು ಲಕ್ಷ ಮರಿಗಳಿಂದ ಇನ್ನೂರು ವಯಸ್ಕ ಆಮೆಗಳು. 2025ರ ಜನವರಿಯಲ್ಲಿ ದಡಕ್ಕೆ ಬಂದ ಹೆಣಗಳು ಸಾವಿರ. ಅವು ಮರಿಗಳಲ್ಲ. ಹತ್ತು ಹದಿನೈದು ವರ್ಷ ಕಡಲಿನಲ್ಲಿ ಬದುಕಿ, ಸಂತಾನಕ್ಕಾಗಿ ದಡದ ಹತ್ತಿರ ಬಂದಿದ್ದ ವಯಸ್ಕ ಆಮೆಗಳು. ಅವುಗಳಲ್ಲಿ ಕೆಲವನ್ನು ಬೆಸೆಂಟ್ ನಗರದಲ್ಲೇ ಯಾರೋ ಒಂದು ಸಂಜೆ ನೀರಿಗೆ ಬಿಟ್ಟಿದ್ದಿರಬಹುದು. ಮರಿಗಳಿಗೆ ಗುರುತು ಹಾಕುವುದಿಲ್ಲವಾದ್ದರಿಂದ ಅದನ್ನು ತಿಳಿಯುವ ದಾರಿಯಿಲ್ಲ.

ಇದೇ ಕಾರಣಕ್ಕೆ ನಡೆಯುವವರ ನೋಟ್‌ಬುಕ್ಕಿನ ಎರಡನೆಯ ಪಟ್ಟಿಗೆ ಬೆಲೆ. ಸತ್ತ ಆಮೆ ಸಿಕ್ಕಿದಾಗ ಜಾಗ, ದಿನ, ಗಂಡೋ ಹೆಣ್ಣೋ, ಚಿಪ್ಪಿನ ಅಳತೆ, ಮೈಮೇಲೆ ಗಾಯವಿದೆಯೇ ಎಂಬುದನ್ನು ಗಮನಿಸಬೇಕು. ಕಳೇಬರ ಎಣಿಸುವವರು ಸಾಮಾನ್ಯವಾಗಿ ಚಿಪ್ಪಿನ ಮೇಲೆ ಬಣ್ಣ ಬಳಿಯುತ್ತಾರೆ, ಅದೇ ಹೆಣ ನಾಳೆ ಮತ್ತೊಮ್ಮೆ ಲೆಕ್ಕಕ್ಕೆ ಬರಬಾರದೆಂದು. ಕೊಳೆತ ದೇಹದ ಪಕ್ಕ ಕುಳಿತು ಟೇಪು ಹಿಡಿಯಬೇಕಾದ ಈ ಕೆಲಸ ನೋಡಲು ಯಾರೂ ಮಕ್ಕಳನ್ನು ಹೆಗಲ ಮೇಲೆ ಹೊತ್ತು ತರುವುದಿಲ್ಲ.

2025ರ ಅದೇ ಜನವರಿಯಲ್ಲಿ ಜಗತ್ತಿನ ಇನ್ನೊಂದು ತುದಿಯ ಕಡಲಲ್ಲಿ ಇನ್ನೊಂದು ಸಾವನ್ನು ಪತ್ರಿಕೆಗಳು ಬರೆದವು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಡಲಿನಲ್ಲಿ ತಹ್ಲೆಕ್ವಾ ಎಂಬ ಓರ್ಕಾ ತನ್ನ ಸತ್ತ ಮರಿಯನ್ನು ತಲೆಯ ಮೇಲೆ ಹೊತ್ತು ಈಜುತ್ತಿತ್ತು. 2018ರಲ್ಲಿಯೂ ಅದು ಹೀಗೆಯೇ ಇನ್ನೊಂದು ಸತ್ತ ಮರಿಯನ್ನು 17 ದಿನ ಹೊತ್ತಿತ್ತು. ಓರ್ಕಾ ಡಾಲ್ಫಿನ್ ಕುಟುಂಬದ ಅತಿ ದೊಡ್ಡ ಪ್ರಾಣಿ. ತಹ್ಲೆಕ್ವಾ ಸೇರಿದ ಬಳಗದಲ್ಲಿ ಆಗ ಉಳಿದಿದ್ದವು ಎಪ್ಪತ್ತು ಚಿಲ್ಲರೆ ಮಾತ್ರ. ಅಷ್ಟಕ್ಕೂ ಹೆಸರಿದೆ, ಸಂಖ್ಯೆಯಿದೆ, ತಾಯಿ ಯಾರು ಅಜ್ಜಿ ಯಾರು ಎಂಬ ವಂಶಾವಳಿಯಿದೆ.

ಆ ಬಳಗದ ಕಥೆಯಲ್ಲೂ ಬಲೆಯಿದೆ. 1970ರ ಆಗಸ್ಟ್ 8ರಂದು ಪೆನ್ ಕೋವ್ ಎಂಬ ಕೊಲ್ಲಿಯಲ್ಲಿ ಪ್ರದರ್ಶನದ ಕೊಳಗಳಿಗೆ ಮಾರಲೆಂದು ಓರ್ಕಾಗಳನ್ನು ಬಲೆಯಲ್ಲಿ ಕೂಡಿಹಾಕಿ ಮರಿಗಳನ್ನು ಬೇರ್ಪಡಿಸಿದರು. ಓರ್ಕಾವೂ ಗಾಳಿಯನ್ನೇ ಉಸಿರಾಡುವ ಪ್ರಾಣಿ. ಬಲೆಗೆ ಸಿಕ್ಕಿ ಕೆಲವು ಮುಳುಗಿ ಸತ್ತವು. ಹಿಡಿದವರು ಆ ಹೆಣಗಳ ಹೊಟ್ಟೆ ಸೀಳಿ, ಕಲ್ಲು ತುಂಬಿ, ಯಾರಿಗೂ ತಿಳಿಯದಂತೆ ಮುಳುಗಿಸಿದರು. ಕೆಲವು ತಿಂಗಳ ನಂತರ ಅವುಗಳಲ್ಲಿ ಕೆಲವು ದಡಕ್ಕೆ ಬಂದವು. ಜನ ಸಿಡಿದೆದ್ದರು. 1976ರ ಹೊತ್ತಿಗೆ ಆ ರಾಜ್ಯದ ನೀರಿನಲ್ಲಿ ಓರ್ಕಾ ಹಿಡಿಯುವುದು ನಿಂತೇ ಹೋಯಿತು. ಅಲ್ಲಿಂದ ಒಯ್ದ ಮರಿಗಳಲ್ಲಿ ಟೊಕಿಟೇ ಎಂಬುದು ಐವತ್ತಕ್ಕೂ ಹೆಚ್ಚು ವರ್ಷ ಮಯಾಮಿಯ ಕೊಳದಲ್ಲಿ ಬದುಕಿ 2023ರ ಆಗಸ್ಟ್ 18ರಂದು ಸತ್ತಿತು. ಓರ್ಕಾಗಳನ್ನು ತಮ್ಮ ನೆಂಟರೆಂದು ಭಾವಿಸುವ ಲಮ್ಮಿ ಜನ ಅದರ ಬೂದಿಯನ್ನು ತವರಿನ ನೀರಿಗೆ ಬಿಟ್ಟರು. ಪೆನ್ ಕೋವ್ ಪಕ್ಕದ ಊರಿನಲ್ಲಿ ಪ್ರತಿ ಆಗಸ್ಟಿನಲ್ಲಿ ಜನ ಸೇರಿ ಆ ದಿನವನ್ನು ನೆನೆಯುತ್ತಾರೆ.

ಹೆಸರಿರುವ ಪ್ರಾಣಿಗೆ ಅಳುವುದು ಹೀಗೆ. ಬಂಗಾಳ ಕೊಲ್ಲಿಯ ಆಮೆಗಳು ಲಕ್ಷಗಟ್ಟಲೆ. ಒಂದರ ಮುಖ ಇನ್ನೊಂದರಿಂದ ಬೇರೆ ಎಂದು ನಮಗೆ ಕಾಣದು. ತಾಯಿ ಮೊಟ್ಟೆ ಹೂತು ಹಿಂದಿರುಗಿ ನೋಡದೆ ಹೋಗುತ್ತದೆ, ಮರಿಯನ್ನು ಹೊತ್ತು ತಿರುಗುವ ಮಾತೇ ಇಲ್ಲ. ಅವುಗಳ ಸಾವಿಗೆ ಜನ ಮಾಡಬಹುದಾದದ್ದು ಎಣಿಸುವುದು. ಆ ಎಣಿಕೆ ಇಲ್ಲದಿದ್ದರೆ 2025ರ ಜನವರಿ ಒಂದು ಕೆಟ್ಟ ವಾಸನೆಯ ತಿಂಗಳು ಮಾತ್ರ ಆಗುತ್ತಿತ್ತು. ಪ್ರತಿ ವರ್ಷವೂ ಆಮೆ ಸಾಯುತ್ತದೆ, ಇದೇನು ಹೊಸದು ಎಂದು ಯಾರಾದರೂ ಹೇಳಿದ್ದರೆ, ಅಲ್ಲ ಎನ್ನಲು ಹಳೆಯ ವರ್ಷಗಳ ಪಟ್ಟಿ ಬೇಕಿತ್ತು. ಪಟ್ಟಿ ಇತ್ತು. ನಡೆಯುವವರೂ ಅರಣ್ಯ ಸಿಬ್ಬಂದಿಯೂ ಎಣಿಸಿದ ಸಂಖ್ಯೆಗಳು ಪತ್ರಿಕೆಗಳಿಗೆ ಹೋದವು. ಶವಪರೀಕ್ಷೆಯಲ್ಲಿ ಉಸಿರುಕಟ್ಟಿ ಸತ್ತ ಲಕ್ಷಣಗಳು ಕಂಡವು. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಚೆನ್ನೈ ಪೀಠ ಪತ್ರಿಕಾ ವರದಿಯ ಮೇಲೆ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು ಇಲಾಖೆಗಳಿಂದ ಉತ್ತರ ಕೇಳಿತು. ಗಾದೆಯಲ್ಲಿ ಜೊತೆಗಿದ್ದ ಇಬ್ಬರೂ, ಆಮೆಯೂ ಅಮೀನನೂ, ಈ ಸಲ ಒಟ್ಟಿಗೇ ಸರ್ಕಾರದ ಮನೆಯ ಬಾಗಿಲಿಗೆ ಬಂದರು.

ಬಾಗಿಲು ತೆರೆದಾಗ ಒಳಗೆ ಕಾನೂನು ಇತ್ತು. ತಮಿಳುನಾಡಿನಲ್ಲಿ ಯಾಂತ್ರಿಕ ಬೋಟುಗಳು ದಡದಿಂದ 5 ನಾಟಿಕಲ್ ಮೈಲಿ, ಅಂದರೆ ಸುಮಾರು 9 ಕಿಲೋಮೀಟರ್ ಒಳಗೆ ಮೀನು ಹಿಡಿಯುವಂತಿಲ್ಲ. ಟ್ರಾಲ್ ಬಲೆಯಲ್ಲಿ ಆಮೆ ತಪ್ಪಿಸಿಕೊಳ್ಳುವ ಸಾಧನ ಇರಬೇಕೆಂಬ ನಿಯಮವೂ ಇದೆ. ಬಲೆಯ ಕುತ್ತಿಗೆಯಲ್ಲಿ ಓರೆಯಾಗಿ ಕೂರಿಸುವ ಲೋಹದ ಸರಳುಗಳ ಚೌಕಟ್ಟು ಅದು. ಸಿಗಡಿ ಸರಳುಗಳ ನಡುವೆ ಹಾದು ಚೀಲಕ್ಕೆ ಹೋಗುತ್ತದೆ, ಆಮೆ ಸರಳಿಗೆ ತಾಗಿ ಪಕ್ಕದ ಕಿಂಡಿಯಿಂದ ಹೊರಬೀಳುತ್ತದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ನಮ್ಮ ಬಲೆಗಳಿಗೆ ಹೊಂದುವಂತೆ ಇದನ್ನು ರೂಪಿಸಿ ಬಹಳ ಕಾಲವಾಯಿತು. ಕಿಂಡಿಯಿಂದ ಮೀನೂ ಹೋಗುತ್ತದೆ ಎಂಬುದು ಬೋಟಿನವರ ತಕರಾರು. ಸಾಧನ ಬಳಸುತ್ತಿಲ್ಲವೆಂಬ ಕಾರಣಕ್ಕೆ ಅಮೆರಿಕ 2019ರಿಂದ ಭಾರತದ ಕಡಲಿನಲ್ಲಿ ಹಿಡಿದ ಸಿಗಡಿಯನ್ನು ಕೊಳ್ಳುವುದು ನಿಲ್ಲಿಸಿದಾಗಲೂ ಬಲೆಗಳು ಹೆಚ್ಚು ಬದಲಾಗಲಿಲ್ಲ. ಪೂರ್ವ ಕರಾವಳಿಯಲ್ಲಿ ಮೀನುಗಾರಿಕೆಗೆ ರಜೆ ಬರುವುದು ಏಪ್ರಿಲ್ 15ರಿಂದ ಜೂನ್ 14ರವರೆಗೆ. ಅಷ್ಟು ಹೊತ್ತಿಗೆ ಆಮೆಗಳ ಋತು ಬಹುಮಟ್ಟಿಗೆ ಮುಗಿದಿರುತ್ತದೆ.

ದಡದ 5 ಮೈಲಿಯ ನಿಯಮ ಮೊದಲು ಬಂದದ್ದು ಆಮೆಗಾಗಿ ಅಲ್ಲ, ಸಣ್ಣ ಮೀನುಗಾರರಿಗಾಗಿ. ಊರೂರು ಕುಪ್ಪದವರಂತೆ ಸಣ್ಣ ಫೈಬರ್ ದೋಣಿಯಲ್ಲಿ ಹೋಗುವವರ ನೀರು ಅದು. ಟ್ರಾಲರ್ ಒಳಗೆ ಬಂದರೆ ಅವರ ಬಲೆ ಹರಿಯುತ್ತದೆ, ಅವರ ಮೀನು ಹೋಗುತ್ತದೆ. ಅವರ ಬಲೆಗೂ ಆಮೆ ಸಿಕ್ಕುವುದುಂಟು. ಆದರೆ ಆಮೆ ಸಾಯುವ ನೀರಿನಲ್ಲೇ ಅವರ ಹೊಟ್ಟೆಪಾಡೂ ಇದೆ. ದಡದಲ್ಲಿ ಹೆಣ ಕಂಡಾಗ ಮೀನುಗಾರರೆಲ್ಲ ಕೊಂದರು ಎಂದು ಬೀಸಾಗಿ ಹೇಳುವ ನಗರದ ಮಾತು ಈ ವ್ಯತ್ಯಾಸವನ್ನು ನುಂಗಿಬಿಡುತ್ತದೆ. ಕನ್ನಡ ಕರಾವಳಿಯಲ್ಲಿ ಇದೇ ಸಂಗತಿ ಇನ್ನೊಂದು ರೂಪದಲ್ಲಿ ಕಂಡಿದೆ. ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಖಾಸಗಿ ಬಂದರನ್ನು ವಿರೋಧಿಸಿದ ಮೀನುಗಾರರು ತಮ್ಮ ಮನೆ, ಮೀನು ಒಣಗಿಸುವ ಜಾಗಗಳ ಜೊತೆಗೆ ದಡದಲ್ಲಿದ್ದ ಕಡಲಾಮೆಯ ಗೂಡುಗಳನ್ನೂ ತೋರಿಸಿದರು. ಅಲ್ಲಿ ಆಮೆ ಮೀನುಗಾರರ ಕಡೆಯ ಸಾಕ್ಷಿಯಾಗಿತ್ತು.

ಬೆಸೆಂಟ್ ನಗರದಲ್ಲಿ ನಡೆಯುವವರು ಇವನ್ನೆಲ್ಲ ಭಾಷಣ ಮಾಡಿ ಹೇಳುವುದು ಕಡಿಮೆ. ಅವರಿಗೆ ರಾತ್ರಿ ಚಿಕ್ಕದು, ದಂಡೆ ಉದ್ದ. ಜೊತೆಗೆ ಬಂದ ಹುಡುಗ ಹುಡುಗಿಯರು ಗೂಡು ಕಾಣಬೇಕೆಂಬ ಆಸೆಯಿಂದ ಬಂದಿರುತ್ತಾರೆ. ಎಷ್ಟೋ ರಾತ್ರಿ ಒಂದೂ ಗೂಡು ಸಿಗುವುದಿಲ್ಲ, ಸಿಕ್ಕುವುದು ಮಗುಚಿಬಿದ್ದ ಹೆಣ. ಆಗ ಗುಂಪು ನಿಲ್ಲುತ್ತದೆ. ಮುಂದಾಳು ಸಾವಿನ ಕಾರಣವನ್ನು ಮೆಲ್ಲಗೆ ವಿವರಿಸುತ್ತಾನೆ, ಅಳತೆ ಬರೆದುಕೊಳ್ಳುತ್ತಾನೆ. ಮಕ್ಕಳು ಸ್ವಲ್ಪ ದೂರ ನಿಂತು ಕೇಳುತ್ತಾರೆ. ಸ್ಮಾರಕವಿಲ್ಲದ, ಮಂತ್ರವಿಲ್ಲದ ಈ ಕೆಲವು ನಿಮಿಷಗಳೇ ಆ ಆಮೆಗೆ ಸಿಗುವ ಶ್ರಾದ್ಧ. ಆಮೇಲೆ ಗುಂಪು ಮುಂದೆ ಹೊರಡುತ್ತದೆ. ಬೆಳಗಿನ ಜಾವ ನಾಲ್ಕರ ಸುಮಾರಿಗೆ ಷ್ಮಿಟ್ ಸ್ಮಾರಕದ ಬಿಳಿ ಕಮಾನು ಕಾಣಿಸುತ್ತದೆ. ಬೇಲಿಯೊಳಗೆ ಆ ರಾತ್ರಿಯ ಮೊಟ್ಟೆಗಳನ್ನು ಹೂತು, ಗೂಡು ಎಷ್ಟು, ಮೊಟ್ಟೆ ಎಷ್ಟು, ಸತ್ತವು ಎಷ್ಟು ಎಂದು ಬರೆದು, ಕೈಯ ಮರಳು ಕೊಡವಿಕೊಂಡು ಮನೆಗೆ ಹೋಗುತ್ತಾರೆ.